ಬೋಳು ಲೋಡು

ಜಲ್ಲಿ ಕ್ರಷರಿನಲ್ಲಿ ಡ್ರೈವರನ ಮರ್ಯಾದೆ ಇರುವುದು ಲೋಡಿನ ತುದಿಯಲ್ಲಿ. ಟ್ರೇಲರಿನ ಪಕ್ಕದ ಹಲಗೆಗಳ ಮಟ್ಟಕ್ಕೆ ಜಲ್ಲಿ ತುಂಬಿ ನಿಲ್ಲಿಸಿದರೆ ಅದು ಬೋಳು ಲೋಡು. ಹಲಗೆ ದಾಟಿ ಮಧ್ಯೆ ಗುಡ್ಡದ ಹಾಗೆ ಎದ್ದು, ಇನ್ನೊಂದು ಕಲ್ಲು ಇಟ್ಟರೆ ಉರುಳೀತು ಅನ್ನುವಷ್ಟು ಏರಿಸಿದರೆ ಅದು ತಲೆ ಕಟ್ಟಿದ ಲೋಡು. ಬೋಳು ಲೋಡಿನಲ್ಲಿ ಗೇಟು ದಾಟುವವನನ್ನು ಉಳಿದವರು ಸುಮ್ಮನೆ ಬಿಡುವುದಿಲ್ಲ. "ಏನಯ್ಯಾ, ಕ್ಷೌರ ಮಾಡಿಸ್ಕೊಂಡು ಹೊರಟೆಯಾ?" ಅಂತ ಕೂಗುತ್ತಾರೆ. ಹೀಗೆ ತಲೆ ಕಟ್ಟುವುದರಿಂದ ಯಾರಿಗೇನು ಸಿಗುತ್ತದೆ ಅಂತ ಕೇಳಿದರೆ ಒಬ್ಬನ ಹತ್ತಿರವೂ ಉತ್ತರವಿಲ್ಲ. ಕಟ್ಟಿದ ತಲೆಯಲ್ಲಿ ಅರ್ಧ ದಾರಿಯಲ್ಲೇ ಉದುರಿ, ಹಿಂದೆ ಬರುವವರ ಗಾಜು ಒಡೆದು, ಬೈಗುಳ ತಿಂದು ಹೋಗುತ್ತದೆ. ಆದರೂ ಕಟ್ಟುತ್ತಾರೆ.

ಈ ಹುಚ್ಚಿನಲ್ಲಿ ಎಲ್ಲರನ್ನೂ ಮೀರಿಸಿದ್ದವನು, ಈಗ ಕ್ರಷರಿನವರೆಲ್ಲ ತಂಗಿ ಅಂತ ಕರೆಯುವ ಹೆಂಗಸಿನ ಅಣ್ಣ. ಅವನ ಲೋಡು ನೋಡಿ ಅವನಿಗೆ ಗುಡ್ಡಣ್ಣ ಅಂತಲೇ ಹೆಸರು ಬಿದ್ದಿತ್ತು. ತಲೆ ಕಟ್ಟಿಸಿದ ಮೇಲೆ ಟ್ರೇಲರಿಗೆ ಬೆಸೆದ ಏಣಿಯ ಬುಡದಲ್ಲಿ ಚಪ್ಪಲಿ ಕಳಚಿಟ್ಟು, ಬರಿಗಾಲಲ್ಲಿ ಜಲ್ಲಿಯ ನೆತ್ತಿಗೆ ಹತ್ತಿ, ಟಾರ್ಪಾಲು ಹೊದಿಸಿ, ಹಗ್ಗ ಎಳೆದು ಬಿಗಿದು, ಮೇಲಿಂದ ಸುತ್ತ ಒಮ್ಮೆ ನೋಡಿ ಇಳಿಯುತ್ತಿದ್ದ. ಒಂದು ದಿನ ಇಳಿಯಲಿಲ್ಲ, ಬಿದ್ದ. ಹಗ್ಗ ಕೈಯಲ್ಲೇ ಇತ್ತು, ಕಾಲಡಿಯ ಗುಡ್ಡವೇ ಹೊರಟುಹೋಯಿತು. ಸೊಂಟದ ಮೂಳೆ ಮುರಿಯಿತು. ಅವನನ್ನು ಆಸ್ಪತ್ರೆಗೆ ಸೇರಿಸಿ, ಗಾಡಿ ಒಯ್ಯಲು ಕ್ರಷರಿಗೆ ಬಂದ ತಂಗಿಗೆ ಏಣಿಯ ಬುಡದಲ್ಲಿ ಅವನ ಚಪ್ಪಲಿಗಳು ಜೋಡಿಯಾಗಿ ಕಾಯುತ್ತಿದ್ದದ್ದು ಕಂಡಿತು. ಅವಳೇ ಎತ್ತಿಕೊಂಡು ಮನೆಗೆ ತಂದಳು. ಅವತ್ತು ಅವಳು ಒಂದು ಮಾತು ಮನಸ್ಸಿನಲ್ಲೇ ಗಟ್ಟಿ ಮಾಡಿಕೊಂಡಳು: ನಮ್ಮ ಮನೆಯಿಂದ ಇನ್ನು ಯಾರೂ ಲೋಡಿನ ಮೇಲೆ ಹತ್ತುವುದಿಲ್ಲ.

ಅಣ್ಣ ಈಗ ಕೋಲು ಹಿಡಿದು ಓಡಾಡುತ್ತಾನೆ. ಬಿದ್ದದ್ದರ ಬಗ್ಗೆ ಯಾರು ಕೇಳಿದರೂ ಅವನದು ಒಂದೇ ಉತ್ತರ: "ಕಲ್ಲಿನ ತಪ್ಪಲ್ಲ, ಲೋಡಿನ ತಪ್ಪಲ್ಲ. ನನ್ನ ಕಾಲು ಜಾರಿತು, ಅಷ್ಟೇ."

ಟ್ರೇಲರು ಮನೆಯದೇ. ಅದನ್ನು ನಿಲ್ಲಿಸಿದರೆ ಮನೆಯೂ ನಿಲ್ಲುತ್ತದೆ. ಅದುವರೆಗೆ ನೀರಿನ ಟ್ಯಾಂಕರು ಓಡಿಸುತ್ತಿದ್ದ ತಂಗಿ ಅಣ್ಣನ ಸೀಟಿನಲ್ಲಿ ಕೂತಳು. ಗುಡ್ಡಣ್ಣನ ತಂಗಿ ಆದ್ದರಿಂದ ಕ್ರಷರಿಗೆಲ್ಲ ತಂಗಿಯಾದಳು. ಅವಳ ಮಗನ ವಯಸ್ಸಿನ ಗೇಟಿನವನು ಕೂಡ "ಏನ್ ತಂಗಿ, ಊಟ ಆಯ್ತಾ?" ಅಂತ ಕೇಳುತ್ತಾನೆ. ಅವಳು "ಆಯ್ತು ಕಣಪ್ಪಾ ಅಣ್ಣ" ಅನ್ನುತ್ತಾಳೆ.

ಅವಳು ಬಂದ ಕೆಲವೇ ದಿನಕ್ಕೆ ಮೋಟಾರಿನ ಟಾರ್ಪಾಲು ಬಂತು. ಜಲ್ಲಿ ಕೊಳ್ಳುವ ರಸ್ತೆ ಕಂಪನಿಯವರು, ಮೋಟಾರು ಹೊದಿಕೆ ಇಲ್ಲದ ಗಾಡಿಯನ್ನು ಒಳಗೇ ಬಿಡುವುದಿಲ್ಲ ಅಂತ ಕಡ್ಡಿ ಮುರಿದ ಹಾಗೆ ಹೇಳಿಬಿಟ್ಟರು. ಎಲ್ಲರೂ ಹಾಕಿಸಿಕೊಂಡರು. ಕ್ಯಾಬಿನ್ನಿನ ಹಿಂದೆ ಸುರುಳಿ ಸುತ್ತಿದ ಬಟ್ಟೆ, ಟ್ರೇಲರಿನ ಎರಡೂ ಪಕ್ಕದಲ್ಲಿ ಒಂದೊಂದು ಕಬ್ಬಿಣದ ತೋಳು, ಎರಡು ತೋಳನ್ನೂ ಕೂಡಿಸುವ ಒಂದು ಅಡ್ಡ ಕೊಳವೆ. ಸ್ಟೀರಿಂಗಿನ ಪಕ್ಕದ ಸ್ವಿಚ್ಚು ಒತ್ತಿದರೆ ತೋಳುಗಳು ಎದ್ದು, ಬಟ್ಟೆಯನ್ನು ಎಳೆದುಕೊಂಡು ಲೋಡಿನ ಮೇಲೆ ಹಾದು, ಹಿಂಬದಿಗೆ ಹೋಗಿ ಮಲಗುತ್ತವೆ. ಕೂತಲ್ಲಿಂದ ಏಳಬೇಕಾಗಿಲ್ಲ. ಮೊದಲ ಸಲ ಅದನ್ನು ನೋಡಿದಾಗ ತಂಗಿಗೆ ಖುಷಿಯಾಗಲಿಲ್ಲ, ಸಿಟ್ಟು ಬಂತು. ಇದು ಅಣ್ಣ ಬೀಳುವ ಮೊದಲೇ ಯಾಕೆ ಬರಲಿಲ್ಲ ಅನ್ನುವ ಸಿಟ್ಟು.

ಬಂದದ್ದಾದರೂ ಏನು ಮಾಡಿತು? ಕೊಳವೆ ಹಾಯುವುದು ಹಲಗೆಗಿಂತ ಒಂದಿಷ್ಟೇ ಮೇಲೆ. ತಲೆ ಕಟ್ಟಿದ ಲೋಡು ಅದಕ್ಕೆ ಅಡ್ಡ. ತಲೆ ಬಿಡಿ ಅಂದರೆ ಯಾರು ಬಿಡುತ್ತಾರೆ? ಎಲ್ಲರೂ ಮೊದಲಿನ ಹಾಗೇ ಮೇಲೆ ಹತ್ತಿ ಹಳೆಯ ಟಾರ್ಪಾಲನ್ನೇ ಕಟ್ಟಿದರು, ಮೋಟಾರಿನದನ್ನು ಸುತ್ತಿದ ಹಾಗೇ ಬಿಟ್ಟರು. ಮೀಸೆ ಅನ್ನುವ ಹಿರಿಯ ಡ್ರೈವರಂತೂ ಕೈ ರೂಢಿಯಲ್ಲಿ ಹಗ್ಗವನ್ನು ಆ ಕಬ್ಬಿಣದ ತೋಳುಗಳಿಗೇ ಬಿಗಿಯಾಗಿ ಕಟ್ಟಿ, ಕಂಪನಿಯ ತಪಾಸಣೆಯವರು ಕೇಳಿದಾಗ ಗತ್ತಿನಿಂದ ಸ್ವಿಚ್ಚು ಒತ್ತಿಬಿಟ್ಟ. ಕಟ್ಟಿದವನೂ ಅವನೇ, ಎಬ್ಬಿಸಿದವನೂ ಅವನೇ. ತೋಳು ಬಿಲ್ಲಿನ ಹಾಗೆ ಬಾಗಿತು, ಆದರೆ ಹಗ್ಗ ಬಿಚ್ಚಲಿಲ್ಲ. "ನನ್ನ ಗಂಟು ನೋಡಿದ್ರಾ!" ಅಂತ ಮೀಸೆ ಅದಕ್ಕೂ ಬೀಗಿದ. ಅಂದೇ ಕ್ರಷರಿನ ಮೇಸ್ತ್ರಿ ಎಲ್ಲ ಗಾಡಿಗಳಲ್ಲೂ ಆ ಮೋಟಾರಿನ ಫ್ಯೂಸು ಕೀಳಿಸಿದ. ತಪಾಸಣೆ ಇದ್ದಾಗ ಮಾತ್ರ ಹಾಕಿಕೊಳ್ಳಬೇಕು. "ಅದು ತೋರಿಸೋದಕ್ಕೆ ಇರೋದು. ಕೆಲಸಕ್ಕೆ ಹಗ್ಗ ಇದೆ" ಅಂದ.

ತಂಗಿ ಹತ್ತುವುದಿಲ್ಲ ಅನ್ನುವುದು ಎಲ್ಲರಿಗೂ ಗೊತ್ತಿತ್ತು. ಅವಳ ಲೋಡನ್ನು ಮೀಸೆಯೇ ಹತ್ತಿ ಕಟ್ಟಿಕೊಡುತ್ತಿದ್ದ. ಗುಡ್ಡಣ್ಣನ ಋಣ ಅನ್ನುತ್ತಿದ್ದ. ಅವಳು ಬೇಡ ಅನ್ನುವ ಹೊತ್ತಿಗೆ ಅವನು ಮೇಲಿರುತ್ತಿದ್ದ.

ಒಂದು ದಿನ ಮಧ್ಯಾಹ್ನವೂ ಹಾಗೇ ಹತ್ತಿದ. ಹಗ್ಗ ಎಳೆಯುತ್ತಿದ್ದವನ ಕಾಲಡಿ ಜಲ್ಲಿ ಸರ್ರನೆ ಸರಿಯಿತು. ಮೀಸೆ ಹಲಗೆಯ ಆಚೆ ಬಂದು, ಹಗ್ಗಕ್ಕೆ ಜೋತುಬಿದ್ದು, ಗಾಡಿಯ ಮೈಗೆ ದಪ್ಪೆಂದು ಬಡಿದು ನಿಂತ. ಮೊಣಕೈ ತರಚಿತ್ತು, ಅಷ್ಟೇ. ಕೆಳಗಿಳಿದು ಮೈ ಕೊಡವಿಕೊಂಡು, "ಇವತ್ತು ಗುಡ್ಡಣ್ಣನ ದಾರಿ ಹಿಡಿದುಬಿಡ್ತಿದ್ದೆ ನೋಡು!" ಅಂತ ಹಲ್ಲು ಕಿಸಿದ. ಸುತ್ತಲಿದ್ದವರೆಲ್ಲ ನಕ್ಕರು. ಮೇಸ್ತ್ರಿಯೂ ನಕ್ಕ. ತಂಗಿಯ ಕಣ್ಣು ಮಾತ್ರ ಏಣಿಯ ಬುಡಕ್ಕೆ ಹೋಯಿತು. ಅಲ್ಲಿ ಮೀಸೆಯ ಚಪ್ಪಲಿಗಳಿದ್ದವು.

ಸಂಜೆ ಮನೆಗೆ ಹೋಗುವಾಗ ದಾರಿಯ ಅಂಗಡಿಯಲ್ಲಿ ಒಂದು ಫ್ಯೂಸು ಕೊಂಡಳು.

ಊಟಕ್ಕೆ ಕೂತಾಗ ಬಾಯಿಬಿಟ್ಟಳು. "ಅಣ್ಣ, ನಾಳೆಯಿಂದ ನಾನು ಬೋಳು ಲೋಡೇ ತಗೊಳ್ಳೋದು. ಸ್ವಿಚ್ಚು ಒತ್ತಿ, ಮುಚ್ಚಿ, ಹೊರಡ್ತೀನಿ."

ಅಣ್ಣನ ಕೈ ತಟ್ಟೆಯಲ್ಲೇ ನಿಂತಿತು. "ಬೋಳು ಲೋಡಾ? ನನ್ನ ಗಾಡೀಲಾ?"

"ಹೂಂ, ನಿನ್ನ ಗಾಡೀಲೇ."

"ಹಾಗಿದ್ರೆ ಒಂದು ಉಪಕಾರ ಮಾಡು. ನಮ್ಮ ಬೀದೀಲಿ ಬರಬೇಡ. ಸುತ್ತು ಹಾಕ್ಕೊಂಡು ಹೋಗು. ಬಟನ್ ಒತ್ತೋರೆಲ್ಲ ಡ್ರೈವರಾದ್ರೆ ಲಿಫ್ಟ್ ಹತ್ತೋರೂ ಡ್ರೈವರೇ!"

ಕ್ರಷರಿನಿಂದ ಹೊರಟ ಗಾಡಿಗಳು ಅವರ ಮನೆಯ ಮುಂದೆಯೇ ಹಾಯುತ್ತವೆ. ಅಣ್ಣ ದಿನವಿಡೀ ಕಿಟಕಿಯಲ್ಲಿ ಕೂತು ಒಂದೊಂದು ಲೋಡಿನ ತಲೆಯನ್ನೂ ನೋಡಿ, ಇದು ಚೆನ್ನಾಗಿದೆ, ಇದು ವಾಲಿದೆ ಅಂತ ತೀರ್ಪು ಕೊಡುತ್ತಾನೆ. ಅವನಿಗೆ ಉಳಿದಿರುವ ಕೆಲಸ ಅದೊಂದೇ ಅಂತ ತಂಗಿಗೂ ಗೊತ್ತು. ಅದಕ್ಕೇ ಅವಳು ತಟ್ಟೆಯ ಕಡೆ ಬಗ್ಗಿ ಊಟ ಮುಂದುವರಿಸಿದಳು.

ಮಾತಾಡಿದವಳು ಅತ್ತಿಗೆ. ಪಾತ್ರೆ ಕುಕ್ಕಿ ಇಟ್ಟು ಹೇಳಿದಳು: "ಇವರನ್ನ ಏಳಿಸೋದು ನಾನು, ಕೂರಿಸೋದು ನಾನು, ಚಳಿಗೆ ಸೊಂಟ ಹಿಡ್ಕೊಂಡ್ರೆ ತಿಕ್ಕೋದು ನಾನು. ಮರ್ಯಾದೆ ಮಾತ್ರ ಇವರದು! ಅದನ್ನೂ ಒಂದಿನ ನಾನೇ ತಿಕ್ಕಿ ತೊಳೀತೀನಿ, ನೋಡ್ತಾ ಇರಿ."

ಅಣ್ಣ ಅರ್ಧ ಊಟಕ್ಕೇ ಕೈ ತೊಳೆದುಕೊಂಡ.

ಬೆಳಿಗ್ಗೆ ತಂಗಿ ಗಾಡಿಯನ್ನು ಜಲ್ಲಿ ರಾಶಿಯ ಪಕ್ಕಕ್ಕೆ ತಂದು ನಿಲ್ಲಿಸಿ, ಫ್ಯೂಸು ಒತ್ತಿ ಕೂರಿಸಿದಳು. ಲೋಡರ್ ಯಂತ್ರ ನಡೆಸುವ ಮುದುಕನಿಗೆ ಎಲ್ಲರೂ ಮಾವ ಅನ್ನುತ್ತಾರೆ. ಅಣ್ಣ ಬಿದ್ದ ದಿನ ಆ ಲೋಡು ತುಂಬಿದವನೂ ಅವನೇ. "ಮಾವ, ಹಲಗೆ ಮಟ್ಟಕ್ಕೆ ಸಾಕು" ಅಂತ ತಂಗಿ ಕೂಗಿ ಹೇಳಿದಳು. ಮಾವ ಮೇಸ್ತ್ರಿಯ ಕಡೆ ನೋಡಿದ. ಮೇಸ್ತ್ರಿ ಕೈಯನ್ನು ಗಾಳಿಯಲ್ಲಿ ಮೇಲಕ್ಕೆ ಎತ್ತಿ ತೋರಿಸಿದ. ನಮ್ಮ ಕ್ರಷರಿನ ಲೋಡು ದೂರದಿಂದಲೇ ಗೊತ್ತಾಗಬೇಕು ಅನ್ನುವುದು ಅವನ ಮಾತು. ಮಾವ ಇನ್ನೊಂದು ಬಕೆಟ್ಟು ತಂದು ಸುರಿದ. ತಲೆ ಎದ್ದಿತು.

ತಂಗಿ ಗಾಡಿಯನ್ನು ಗೇಟಿನವರೆಗೆ ತಂದಳು. ಗೇಟಿನ ಮೇಲೆ, ಗಾಡಿಗಳ ಎತ್ತರಕ್ಕೆ ಮಿತಿ ಹಾಕಲು ಒಂದು ಕಬ್ಬಿಣದ ಅಡ್ಡಪಟ್ಟಿ ಇದೆ. ಇನ್ನೇನು ಅದರ ಕೆಳಗೆ ಹೋಗಬೇಕು ಅನ್ನುವಲ್ಲಿ ನಿಲ್ಲಿಸಿ ಸ್ವಿಚ್ಚು ಒತ್ತಿದಳು. ತೋಳುಗಳು ಎದ್ದವು. ಎಂದೂ ಬಿಚ್ಚದ ಬಟ್ಟೆ ಧೂಳು ಉದುರಿಸುತ್ತಾ ಬಿಚ್ಚಿಕೊಂಡಿತು. ಕೊಳವೆ ಹೋಗಿ ಜಲ್ಲಿಯ ತಲೆಗೆ ತಾಗಿ, ಕರ್ರ್ ಅಂತ ಗೊಣಗಿ, ನಿಂತುಬಿಟ್ಟಿತು. ತೋಳುಗಳು ಆಕಾಶಕ್ಕೆ ಚಾಚಿಕೊಂಡೇ ಉಳಿದವು. ಆ ಸ್ಥಿತಿಯಲ್ಲಿ ಗಾಡಿ ಅಡ್ಡಪಟ್ಟಿಯ ಕೆಳಗೆ ತೂರುವ ಹಾಗಿಲ್ಲ. ಹಿಂದೆ ತುಂಬಿದ ಗಾಡಿಗಳ ಸಾಲು. ತಂಗಿ ಎಂಜಿನ್ನು ಆರಿಸಿ, ಕೀಲಿ ತೆಗೆದು ಮುಷ್ಟಿಯಲ್ಲಿ ಹಿಡಿದಳು.

ಮೇಸ್ತ್ರಿ ಓಡಿಬಂದ. "ಏನಮ್ಮಾ ಇದು ಆಟ? ಅದನ್ನ ವಾಪಸ್ ತಗೋ!"

"ಮುಚ್ಚೋದಕ್ಕೆ ಹಾಕಿಸಿರೋದು. ಮುಚ್ಚಿದ ಮೇಲೆ ಹೊರಡ್ತೀನಿ."

"ಮುಚ್ಚಲ್ಲ ಅಂತ ಕಾಣಿಸ್ತಿಲ್ವಾ? ತಲೆ ಅಡ್ಡ ಇದೆ."

"ನನಗೆ ಕಾಣಿಸ್ತಿದೆ. ನಿಮಗೂ ಕಾಣಿಸಲಿ ಅಂತಾನೇ ನಿಲ್ಲಿಸಿದ್ದು. ತಲೆ ತೆಗೆಸಿ."

"ಎಲ್ಲರ ಹಾಗೆ ಮೇಲೆ ಹತ್ತಿ ಕಟ್ಟು!"

"ಹತ್ತಲ್ಲ."

"ಮೀಸೆ ಹತ್ತಲಿ."

"ಅವರೂ ಹತ್ತಲ್ಲ. ನನ್ನ ಗಾಡಿ ಮೇಲೆ ಇನ್ನು ಒಬ್ಬ ಮನುಷ್ಯನೂ ಹತ್ತಲ್ಲ. ಅಷ್ಟು ಆಸೆ ಇದ್ದರೆ ನೀವು ಹತ್ತಿ, ಮೇಸ್ತ್ರಿ. ಏಣಿ ಅಲ್ಲೇ ಇದೆ. ಚಪ್ಪಲಿ ನಾನು ನೋಡ್ಕೊಳ್ತೀನಿ."

ಸಾಲಿನಲ್ಲಿದ್ದ ಯಾರೋ ಕಿಸಕ್ಕೆಂದರು. ಮೇಸ್ತ್ರಿ ಜಲ್ಲಿಯ ನೆತ್ತಿಯನ್ನು ಒಮ್ಮೆ ನೋಡಿದ. ಆ ಕ್ರಷರಿನಲ್ಲಿ ಅವನು ಎಷ್ಟು ತಲೆ ಕಟ್ಟಿಸಿದ್ದನೋ ಲೆಕ್ಕವಿಲ್ಲ, ಒಂದರ ಮೇಲೂ ನಿಂತು ನೋಡಿದವನಲ್ಲ. ನೋಟ ಬೇಗ ಕೆಳಗಿಳಿಸಿದ.

"ಹಿಂದೆ ಎಷ್ಟು ಗಾಡಿ ನಿಂತಿದೆ ಗೊತ್ತಾ? ಹೀಗೇ ಹಟ ಮಾಡಿದ್ರೆ ನಾಳೆಯಿಂದ ಈ ಗಾಡಿ ಗೇಟೊಳಗೆ ಬರಲ್ಲ. ತಿಳೀತಾ?"

ತಿಳಿಯದೆ ಏನು? ಈ ಗೇಟು ಮುಚ್ಚಿದರೆ ಸುತ್ತಮುತ್ತ ಗಾಡಿಗೆ ಬೇರೆ ಕೆಲಸವಿಲ್ಲ, ಮನೆಯಲ್ಲಿ ದುಡಿಯುವ ಬೇರೆ ಕೈಯಿಲ್ಲ. ಆದರೂ ಕಿಟಕಿಯ ಗಾಜು ಏರಿಸಿ, ಎರಡೂ ಬಾಗಿಲು ಭದ್ರಮಾಡಿ, ಕೈಕಟ್ಟಿ ಕೂತಳು. ಹಿಂದಿನವರು ಹಾರನ್ನು ಬಾರಿಸಿದರು, ಕೆಲವರು ಬೈದರು. ಅಣ್ಣನ ಹೆಸರು ಮಣ್ಣುಪಾಲು ಮಾಡ್ತಿದ್ದಾಳೆ ಅನ್ನುವುದೂ ಗಾಜಿನೊಳಗೆ ಕೇಳಿಸಿತು. ಅದೊಂದು ಮಾತು ಅವಳಿಗೆ ನಿಜವಾಗಿ ತಾಗಿತು.

ಮೇಸ್ತ್ರಿಗೂ ಅದೇ ದಾರಿ ಹೊಳೆಯಿತು. ಗುಡ್ಡಣ್ಣನಿಗೇ ಫೋನು ಹಚ್ಚಿದ. "ಬಂದು ನಿನ್ನ ತಂಗಿಗೆ ಬುದ್ಧಿ ಹೇಳು ಮಾರಾಯ."

ಮನೆ ದೂರವಿಲ್ಲ. ಹಾರನ್ನುಗಳು ಸುಸ್ತಾಗಿ ನಿಲ್ಲುವ ಹೊತ್ತಿಗೆ ಅತ್ತಿಗೆಯ ಸ್ಕೂಟರು ಬಂತು. ಹಿಂದಿನ ಸೀಟಿನಲ್ಲಿ ಅಣ್ಣ, ಅವನ ತೊಡೆಯ ಮೇಲೆ ಅಡ್ಡಲಾಗಿ ಕೋಲು. ಬಿದ್ದ ದಿನದಿಂದ ಅವನು ಈ ಗೇಟಿನ ಕಡೆ ತಲೆ ಹಾಕಿರಲಿಲ್ಲ. ಡ್ರೈವರುಗಳು ಒಬ್ಬೊಬ್ಬರಾಗಿ ಗಾಡಿಯಿಂದ ಇಳಿದು ಬಂದರು. ಅಣ್ಣ ಇಳಿದು, ಸೊಂಟ ನೆಟ್ಟಗೆ ಮಾಡಿಕೊಂಡು, ಮೊದಲು ನೋಡಿದ್ದು ತಂಗಿಯನ್ನಲ್ಲ, ಲೋಡನ್ನು.

"ಮಾವ ಕಟ್ಟಿದ್ದಾ? ಚೆನ್ನಾಗಿ ನಿಂತಿದೆ" ಅಂದ.

ಮೇಸ್ತ್ರಿಯ ಮುಖ ಅರಳಿತು. "ಹಾಗೆ ಹೇಳು! ನಿನ್ನ ಕಾಲದಲ್ಲಿ ಇದರ ಎರಡರಷ್ಟು ಇರ್ತಿತ್ತು. ಈಗ ನೋಡು, ನಿನ್ನ ತಂಗಿ ಹತ್ತಲ್ಲ ಅಂತ ಕೂತಿದ್ದಾಳೆ. ಒಂದು ಮಾತು ಹೇಳು, ಮುಗಿದುಹೋಗ್ಲಿ."

ತಂಗಿ ಬಾಗಿಲು ತೆರೆದು ಕೆಳಗಿಳಿದಳು. ಅಣ್ಣನ ಎದುರು ಬಂದು ನಿಂತಳು.

"ಅಣ್ಣ, ಹತ್ತಲ್ಲ ಅಂತ ಇವರಿಗೆ ಹೇಳಿದ್ದೀನಿ. ಮೇಸ್ತ್ರಿಗೂ ಹೇಳ್ತೀನಿ, ಮೇಸ್ತ್ರಿ ಅಪ್ಪನಿಗೂ ಹೇಳ್ತೀನಿ. ನಿನಗೆ ಮಾತ್ರ ಹೇಳಲ್ಲ. ಇದು ನಿನ್ನ ಗಾಡಿ. ನೀನು ಹತ್ತು ಅಂದ್ರೆ ಈಗಲೇ ಹತ್ತುತ್ತೀನಿ. ಆದ್ರೆ ನೀನು ಬಾಯಿಬಿಟ್ಟು ಹೇಳಬೇಕು. ಎಲ್ಲರ ಮುಂದೆ."

ಹೇಳಿ, ಏಣಿಯ ಹತ್ತಿರ ಹೋದಳು. ಕಾಲಿನ ಚಪ್ಪಲಿ ಕಳಚಿ ಬುಡದಲ್ಲಿ ಜೋಡಿಸಿಟ್ಟಳು. ಒಂದು ಕಾಲು ಮೊದಲ ಮೆಟ್ಟಿಲ ಮೇಲಿಟ್ಟು, ಮೇಲಿನ ಮೆಟ್ಟಿಲು ಹಿಡಿದು, ತಿರುಗಿ ಅಣ್ಣನನ್ನೇ ನೋಡುತ್ತಾ ನಿಂತಳು. ಅತ್ತಿಗೆ "ಅಯ್ಯೋ ಬೇಡ ಕಣೇ" ಅಂದದ್ದು ಅರ್ಧಕ್ಕೇ ನಿಂತಿತು.

ಅಣ್ಣನ ಕಣ್ಣು ತಂಗಿಯ ಮೇಲಿರಲಿಲ್ಲ, ಮೆಟ್ಟಿಲ ಮೇಲಿರಲಿಲ್ಲ. ನೆಲದ ಮೇಲೆ ಜೋಡಿಯಾಗಿದ್ದ ಆ ಚಪ್ಪಲಿಗಳ ಮೇಲಿತ್ತು. ತಾನು ಬಿದ್ದ ಮೇಲೆ ಮನೆಯವರು ಏನು ನೋಡಿದರು ಅನ್ನುವುದನ್ನು ಅವನು ಈಗ ನೋಡುತ್ತಿದ್ದ. ಮೇಸ್ತ್ರಿ "ಹೇಳಯ್ಯಾ" ಅಂದ.

"ಚಪ್ಪಲಿ ಹಾಕ್ಕೋ" ಅಂದ ಅಣ್ಣ.

"ಏನು?"

"ಮೊದಲು ಚಪ್ಪಲಿ ಹಾಕ್ಕೊಳ್ಳೇ!" ಅವನ ಕೂಗಿಗೆ ಮೇಸ್ತ್ರಿ ಒಂದು ಹೆಜ್ಜೆ ಹಿಂದೆ ಸರಿದ. ಅಣ್ಣ ಅವನ ಕಡೆ ತಿರುಗಿದ. "ಮೇಸ್ತ್ರಿ, ಅವತ್ತು ನನ್ನ ಕಾಲು ಜಾರಿತು ಅಂತ ಊರಿಗೆಲ್ಲ ಹೇಳಿದ್ದೀನಲ್ಲ, ಸುಳ್ಳು. ಕಾಲು ಗಟ್ಟಿಯಾಗೇ ಇತ್ತು. ಅದು ಮನುಷ್ಯ ನಿಲ್ಲೋ ಜಾಗಾನೇ ಅಲ್ಲ. ಗುಡ್ಡಣ್ಣನ ಗುಡ್ಡ ಕುಸೀತು ಅನ್ನೋದಕ್ಕಿಂತ ಗುಡ್ಡಣ್ಣ ಜಾರಿದ ಅನ್ನೋದು ಸುಲಭ ಅನ್ನಿಸ್ತು, ಹೇಳ್ದೆ. ಮಾವ! ಈ ತಲೆ ಇಳಿಸು."

"ನಾನು ಹೇಳದೆ ಯಾರೂ ಏನೂ ಇಳಿಸೋ ಹಾಗಿಲ್ಲ" ಅಂದ ಮೇಸ್ತ್ರಿ.

ಮಾವ ಅಷ್ಟರಲ್ಲಿ ಯಂತ್ರದ ಕಡೆ ಹೊರಟಿದ್ದ. "ಹಾಕಿದೋನು ನಾನು, ತೆಗೆಯೋನೂ ನಾನೇ" ಅಂತ ಗೊಣಗಿದ. ಅವತ್ತಿನ ಲೋಡಿನ ವಿಷಯ ಅವನೂ ಯಾರ ಹತ್ತಿರವೂ ಆಡಿರಲಿಲ್ಲ. ತಂಗಿ ಚಪ್ಪಲಿ ಮೆಟ್ಟಿ, ಕ್ಯಾಬಿನ್ನಿಗೆ ಹತ್ತಿ, ಸ್ವಿಚ್ಚು ಒತ್ತಿ ಗಾಡಿಯ ತೋಳುಗಳನ್ನು ಮುಂದಕ್ಕೆ ಮಡಚಿಕೊಂಡಳು. ಲೋಡರ್ ಬಂದು, ಬಕೆಟ್ಟಿನ ಅಂಚಿನಿಂದ ಜಲ್ಲಿಯ ತಲೆಯನ್ನು ಸವರಿ, ಬದಿಗೆ ಕೆಡವಿತು. ಹಲಗೆಗೆ ಹಲಗೆ ಸಮ. ಅಪ್ಪಟ ಬೋಳು ಲೋಡು. ಒಬ್ಬನೂ ಕ್ಷೌರದ ಮಾತೆತ್ತಲಿಲ್ಲ.

"ನನ್ನನ್ನ ಮೇಲೆ ಕೂರಿಸಿ" ಅಂದ ಅಣ್ಣ.

ಕ್ಯಾಬಿನ್ನಿನ ಮೆಟ್ಟಿಲು ಎತ್ತರ, ಸೊಂಟ ಬಗ್ಗುವುದಿಲ್ಲ. ತಂಗಿ ಮೇಲಿಂದ ಎಳೆದಳು, ಮೀಸೆ ಪಕ್ಕದಿಂದ ಹಿಡಿದ, ಅತ್ತಿಗೆ ಕೆಳಗಿಂದ ತಳ್ಳಿದಳು. "ಏರಿ ಏರಿ, ಇದೊಂದು ಗುಡ್ಡ ಹತ್ತಿದ್ರೆ ತಪ್ಪಿಲ್ಲ" ಅಂದಳು. ಅಣ್ಣ ಉಸ್ಸೆಂದು ಕೂತು, ಸ್ಟೀರಿಂಗನ್ನು ಮುಟ್ಟಿ ನೋಡಿ, "ಯಾವುದೇ ಅದು?" ಅಂತ ಕೇಳಿದ.

ತಂಗಿ ಸ್ವಿಚ್ಚು ತೋರಿಸಿದಳು. ಅವನು ಹೆಬ್ಬೆರಳು ಇಟ್ಟು ಒತ್ತಿದ. ಮೋಟಾರು ಗುಂಯ್ ಅಂದಿತು. ತೋಳುಗಳು ಎದ್ದು, ಬಟ್ಟೆ ಹರಡಿಕೊಂಡು, ಕೊಳವೆ ಎಲ್ಲೂ ತಾಗದೆ ಲೋಡನ್ನು ದಾಟಿ ಹಿಂಬದಿಗೆ ಹೋಗಿ ಮಲಗಿತು. ಅಣ್ಣ ಕನ್ನಡಿಯಲ್ಲಿ ಅದನ್ನೇ ನೋಡುತ್ತಿದ್ದ.

"ಇಷ್ಟೇನಾ?"

"ಇಷ್ಟೇ ಅಣ್ಣ."

ಅವನು ಮತ್ತೆ ಒತ್ತಿ ಬಿಚ್ಚಿದ. ಮತ್ತೆ ಒತ್ತಿ ಮುಚ್ಚಿದ. ಕೆಳಗೆ ಮೇಸ್ತ್ರಿ ಸಾಲು ನಿಂತಿದೆ, ಹೊತ್ತಾಯಿತು ಅಂತ ಬಾಯಿ ಬಡಿದುಕೊಳ್ಳುತ್ತಿದ್ದ. ಅಣ್ಣ ಕಿಟಕಿಯಿಂದ ತಲೆ ಹೊರಹಾಕಿ, "ನನಗೆ ಒಂದು ವರ್ಷ ಹೊತ್ತಾಗಿದೆ. ನೀನು ಸ್ವಲ್ಪ ತಡಕೋ" ಅಂದು ಇನ್ನೊಂದು ಸಲ ಬಿಚ್ಚಿ ಮುಚ್ಚಿದ. ಆಮೇಲೆ ಬೆರಳು ಸ್ವಿಚ್ಚಿನ ಮೇಲೇ ಉಳಿಯಿತು. "ಇಷ್ಟಕ್ಕೆ ನನ್ನ ಸೊಂಟ ಕೊಟ್ಟೆನಲ್ಲೇ" ಅಂದ. ಅವನ ಕಣ್ಣಲ್ಲಿ ನೀರಿತ್ತು. ಆಸ್ಪತ್ರೆಯಲ್ಲೂ ಅಳದವನು. ತಂಗಿ ಅವನನ್ನು ಮೆಲ್ಲಗೆ ಪಕ್ಕದ ಸೀಟಿಗೆ ಸರಿಸಿ ತಾನು ಕೂತು, ಕೀಲಿ ತಿರುಗಿಸಿದಳು.

ಗೇಟಿನ ಕಂಬದ ಹತ್ತಿರ ಮೇಸ್ತ್ರಿ ಬೆರಳು ಅಲ್ಲಾಡಿಸಿದ. "ನಾಳೆ ಈ ಗಾಡಿ ಬರೋದು ಬೇಡ!"

"ನಾಳೆ ಬರ್ತೀನಿ ಮೇಸ್ತ್ರಿ. ಹಲಗೆ ಮಟ್ಟಕ್ಕೆ ತುಂಬಿಸಿ. ಇಲ್ಲಾಂದ್ರೆ ಇದೇ ಗೇಟು, ಇದೇ ಜಾಗ, ಇದೇ ನಾನು" ಅಂದಳು ತಂಗಿ. ಹಿಂದೆ ಎರಡನೆಯ ಗಾಡಿ ಮೀಸೆಯದು. ಅವನು ಗೇಟಿಗೆ ಬರದೆ, ಬಾಗಿದ ತೋಳಿನ ಗಾಡಿಯನ್ನು ಪಕ್ಕಕ್ಕೆ ತಿರುಗಿಸಿ, "ಮಾವ, ನಂದನ್ನೂ ಸವರಿಬಿಡು" ಅಂತ ಕೂಗುವುದು ಕೇಳಿಸಿತು. ಉಳಿದವರು ಏನು ಮಾಡುತ್ತಾರೋ ನೋಡಲು ತಂಗಿ ನಿಲ್ಲಲಿಲ್ಲ. ಅಡ್ಡಪಟ್ಟಿಯ ಕೆಳಗೆ ಗಾಡಿ ಸಲೀಸಾಗಿ ತೂರಿತು.

ದಾರಿ ಕವಲಾಗುವಲ್ಲಿ ಅವಳು ವೇಗ ಕಡಿಮೆ ಮಾಡಿದಳು. ಎಡಕ್ಕೆ ಹೋದರೆ ಅವರ ಬೀದಿ, ಬಲಕ್ಕೆ ಹೋದರೆ ಸುತ್ತುದಾರಿ. ನಿನ್ನೆಯ ಮಾತು ನೆನಪಾಗಿ ಬಲಗಡೆಯ ದೀಪ ಹಾಕಿದಳು.

ಅಣ್ಣ ಮುಖ ಒರೆಸಿಕೊಂಡು, ಕೋಲಿನಿಂದ ಎಡಕ್ಕೆ ತೋರಿಸಿದ.

"ನಮ್ಮ ಬೀದೀಲೇ ಹೋಗು. ನಿಧಾನಕ್ಕೆ. ಎಲ್ಲರೂ ನೋಡಲಿ."